ಕೈ ತೊಳೆಯುವ ಬೇಸಿನ್ನು: ಸೋಂಕಿನ ದಿಕ್ಕಿನ ಪ್ರಶ್ನೆ

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ವೈದ್ಯರ ಕೈಗಳನ್ನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ತೊಳೆಸಿದ ಮೇಲೆ ಬಾಣಂತಿಯರ ಸಾವು ಇಳಿಯಿತು. ಮುಂದೆ ಕೊಳಾಯಿ ನೀರು ಬಂದು, ವಾರ್ಡಿನ ಮೂಲೆಯ ವಾಶ್ ಬೇಸಿನ್ನು ಆಸ್ಪತ್ರೆಯ ಮಡಿಯ ಗುರುತಾಯಿತು. ಮಡಿಯ ವಸ್ತುವಿನಿಂದಲೇ ಮೈಲಿಗೆ ಹಬ್ಬುತ್ತದೆಂದರೆ ಯಾರೂ ಬೇಗ ಒಪ್ಪುವುದಿಲ್ಲ. ಬೇಸಿನ್ನಿನಲ್ಲಿ ಬ್ಯಾಕ್ಟೀರಿಯಾ ಇದೆಯೆಂಬುದು 1970ರ ಹೊತ್ತಿಗೇ ತಿಳಿದಿತ್ತು. ಅದು ಅಲ್ಲಿಂದ ಹೊರಬರುತ್ತದೆಯೇ ಎಂಬ ಪ್ರಶ್ನೆಯೇ ದಶಕಗಳನ್ನು ನುಂಗಿತು.

ಮುಖ್ಯ ಆರೋಪಿ ಸ್ಯೂಡೋಮೊನಾಸ್ ಎರುಜಿನೋಸಾ. ಗಾಯದ ಬಟ್ಟೆಗೆ ನೀಲಿ-ಹಸಿರು ಬಣ್ಣ ಹತ್ತಿಸುವ ಇದನ್ನು 1882ರಲ್ಲಿ ಫ್ರಾನ್ಸಿನ ಕಾರ್ಲ್ ಗೆಸಾರ್ ಬೇರ್ಪಡಿಸಿದ. ಇದಕ್ಕೆ ಬೇಕಾದದ್ದು ತೇವ, ಜೊತೆಗೆ ಚೂರುಪಾರು ಆಹಾರ. ಬೇಸಿನ್ನಿನ ಕೆಳಗಿನ ಬಾಗುಕೊಳವೆ ಎರಡನ್ನೂ ಒದಗಿಸುತ್ತದೆ. ಚರಂಡಿಯ ವಾಸನೆ ಮೇಲೆ ಬಾರದಿರಲೆಂದು ಅಲ್ಲಿ ಸದಾ ನೀರು ನಿಲ್ಲುತ್ತದೆ. ಮಿಕ್ಕ ಕಾಫಿ, ಗ್ಲೂಕೋಸ್ ದ್ರಾವಣ ಎಲ್ಲವೂ ಅದರೊಳಗೆ ಸೇರಿ ಗೋಡೆಗೆ ಲೋಳೆ ಕಟ್ಟುತ್ತದೆ. ಆದರೆ ರೋಗಿಯಿಂದಲೇ ಈ ಬ್ಯಾಕ್ಟೀರಿಯಾ ಬೇಸಿನ್ನಿಗೆ ಇಳಿದಿರಬಹುದಲ್ಲ ಎಂಬ ಆಕ್ಷೇಪ ಆಗ ಬಲವಾಗಿತ್ತು. ಅದು ಹುರುಳಿಲ್ಲದ ಮಾತೇನಲ್ಲ. ಎರಡು ಕಡೆ ಒಂದೇ ತಳಿ ಸಿಕ್ಕರೂ ಯಾವುದು ಮೊದಲು ಎಂದು ತಿಳಿಯುವುದಿಲ್ಲ.

ಉತ್ತರ ದೊರಕಿದ್ದು ಹರಿವನ್ನು ಕಣ್ಣಿಗೆ ಕಾಣುವಂತೆ ಮಾಡಿದಾಗ. ಟೊರಾಂಟೊದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ 2004ರ ಕೊನೆಯಿಂದ 2006ರವರೆಗೆ 36 ರೋಗಿಗಳಲ್ಲಿ ಹಲವು ಔಷಧಿಗಳಿಗೆ ಬಗ್ಗದ ಸ್ಯೂಡೋಮೊನಾಸ್ ಕಂಡಿತು. ತನಿಖೆ ಮಾಡಿದವರು ಬೇಸಿನ್ನಿನ ತೂತಿನ ಸುತ್ತ ಹೊಳೆಯುವ ಬಣ್ಣ ಹಚ್ಚಿ ನಲ್ಲಿ ತಿರುಗಿಸಿದರು. ಹನಿಗಳು ಒಂದು ಮೀಟರಿನಷ್ಟು ದೂರ ಸಿಡಿದಿದ್ದವು. 2017ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹಸಿರಾಗಿ ಹೊಳೆಯುವ ಇ. ಕೊಲೈಯನ್ನು ಬಾಗುಕೊಳವೆಗೆ ಬಿಟ್ಟು ಆಹಾರ ಹಾಕಿದರು. ಲೋಳೆ ದಿನಕ್ಕೆ ಸುಮಾರು 2.5 ಸೆಂಟಿಮೀಟರ್ ಮೇಲೇರಿ ಒಂದು ವಾರದಲ್ಲಿ ಬೇಸಿನ್ನಿನ ಜಾಲರಿ ಮುಟ್ಟಿತು. ಜಾಲರಿಗೆ ಬಂದ ಮೇಲೆ ನಲ್ಲಿಯ ಧಾರೆಯೇ ಅದನ್ನು ಚೆಲ್ಲಾಡಿತು. ನಲ್ಲಿಯೂ ನಿರಪರಾಧಿಯಲ್ಲ: ಬೆಲ್‌ಫಾಸ್ಟಿನಲ್ಲಿ 2012ರ ಆರಂಭದಲ್ಲಿ ನವಜಾತ ಶಿಶುಗಳ ಘಟಕದ ಸಾವುಗಳ ಜಾಡು ನಲ್ಲಿಗಳವರೆಗೆ ಹೋಯಿತು.

ಹಾಗಾದರೆ ಬೇಸಿನ್ನನ್ನೇ ಕಿತ್ತರೆ? ನೆದರ್‌ಲ್ಯಾಂಡ್ಸಿನ ನೈಮೇಖನ್‌ನಲ್ಲಿ ರೋಗಿಯ ಕೋಣೆಗಳಿಂದ ಅದನ್ನು ತೆಗೆದು ನೋಡಿದ್ದಾರೆ. ಇಂಥ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಕಡಿಮೆಯೂ ಆಯಿತು. ಎಲ್ಲ ಕಡೆ ಇದು ನಡೆಯದು. ಬೇಸಿನ್ನಿಲ್ಲದ ಕಡೆ ಕೈಗೆ ಆಲ್ಕೋಹಾಲು ಹಚ್ಚಬೇಕು, ಆದರೆ ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನ ಬೀಜಕಣ ಆಲ್ಕೋಹಾಲಿಗೆ ಸಾಯುವುದಿಲ್ಲ, ಅದಕ್ಕೆ ಸೋಪು-ನೀರೇ ಬೇಕು. ಬ್ಲೀಚು ಸುರಿದರೆ ಸಾಕೆಂಬ ವಾದ ಇನ್ನೂ ದುರ್ಬಲ. ಲೋಳೆಯ ಒಳಪದರಕ್ಕೆ ಅದು ತಲುಪುವುದು ಕಷ್ಟ. ಟೊರಾಂಟೊದಲ್ಲಿಯೂ ಸೋಂಕು ನಿಂತದ್ದು ಶುಚಿಗೊಳಿಸಿದ್ದರಿಂದಲ್ಲ, ನೀರು ಸಿಡಿಯದಂತೆ ಬೇಸಿನ್ನುಗಳನ್ನು ಮಾರ್ಪಡಿಸಿದ ಮೇಲೆ.