ಗಂಜಿಯ ಕವಲುಗಳು

ಹುನಗುಂದ ಸೀಮೆಯ ಇಳಕಲ್ಲು, ಬಾದಾಮಿ ಸೀಮೆಯ ಗುಳೇದಗುಡ್ಡ, ಇಲ್ಲಿನ ಮಗ್ಗಗಳನ್ನು ಕಂಡವರಿಗೆ ಹಾಸಿನ ನೂಲಿಗೆ ಗಂಜಿ ಕೊಡುವ ಕ್ರಮವು ಹೊಸದಲ್ಲ. ಗಂಜಿ ಸರಿಯಾಗಿ ಹಿಡಿಯದಿದ್ದರೆ ಎಳೆ ಕಡಿಯುವುದು. ನೇಕಾರನ ಅಂದಿನ ದುಡಿಮೆಯೆಲ್ಲ ಎಳೆ ಕೂಡಿಸುವುದರಲ್ಲೇ ಕಳೆಯುವುದು. ಹೊತ್ತು ಹೋದಂತೆ ಗಂಜಿ ಗಟ್ಟಿಯಾಗಿ ನೀರು ಬಿಡುವುದನ್ನು ನೇಕಾರರ ಮನೆಯ ಹೆಂಗಸರೆಲ್ಲ ಬಲ್ಲರು. ಹೀಗೇಕೆ ಎಂಬುದಕ್ಕೆ ಉತ್ತರ ದೊರೆತದ್ದು ಮಾತ್ರ ಬಹು ದೂರದಲ್ಲಿ, ಒಂದು ವಿಚಿತ್ರವಾದ ವಿರೋಧವನ್ನು ಬಿಡಿಸಹೊರಟಾಗ.

ಪಿಷ್ಟವು ಗ್ಲೂಕೋಸ್ ಘಟಕಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆದ ಸರಪಣಿ. ಬರ್ಮಿಂಗ್‌ಹ್ಯಾಮಿನ ಹವರ್ತ್ ಪಂಡಿತರು (೧೯೩೭ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದವರು) ಮತ್ತು ಅವರ ಸಂಗಡಿಗರು ಅದನ್ನು ಪರೀಕ್ಷಿಸಿದ ಬಗೆ ಇದು: ಘಟಕದಲ್ಲಿ ಬಿಡುವಾಗಿರುವ ಹೈಡ್ರಾಕ್ಸಿಲ್ ಕೈಗಳಿಗೆಲ್ಲ ಮೀಥೈಲನ್ನು ತೊಡಿಸಿ, ಬಳಿಕ ಆಮ್ಲದಿಂದ ಸರಪಣಿಯನ್ನು ಕಡಿಯುವುದು. ಬಿಗಿದು ಕಟ್ಟಿದ ನೂಲಿನೆಡೆಗೆ ಬಣ್ಣ ಹತ್ತದಂತೆ, ಕೊಂಡಿ ಬಿದ್ದ ಕೈಗೆ ಮೀಥೈಲ್ ಹತ್ತದು. ಆದುದರಿಂದ ಕವಲಿನ ತುದಿಯ ಘಟಕದಲ್ಲಿ ನಾಲ್ಕು ಮೀಥೈಲ್, ನಡುವಿನದರಲ್ಲಿ ಮೂರು, ಕವಲೊಡೆದೆಡೆಯಲ್ಲಿ ಎರಡೇ.

ಎಣಿಸಿದಾಗ ಸುಮಾರು ೨೪ರಿಂದ ೩೦ ಘಟಕಗಳಿಗೆ ಒಂದು ತುದಿ ಸಿಕ್ಕಿತು. ಸರಪಣಿ ಚಿಕ್ಕದೆಂದಾಯಿತಷ್ಟೆ? ಆದರೆ ಆಸ್ಮಾಟಿಕ್ ಒತ್ತಡದ ಅಳತೆಯು, ಅಣುವು ಅದಕ್ಕಿಂತ ಎಷ್ಟೋ ಪಾಲು ದೊಡ್ಡದೆಂದು ಸಾರಿತು. ಎರಡು ಲೆಕ್ಕವೂ ಸುಳ್ಳಲ್ಲ. ಅಣು ದೊಡ್ಡದೇ, ಆದರೆ ಕವಲು ಕವಲಾದುದು, ಕವಲಿಗೊಂದು ತುದಿ. ಆಕಾರದ ವಿಷಯದಲ್ಲಿ ವಾದ ನಡೆಯಿತು. ಸ್ಟೌಡಿಂಗರರು ಬಾಚಣಿಗೆಯೆಂದರು, ೧೯೪೦ರಲ್ಲಿ ಜಿನೀವದ ಮೇಯರರು ಮರವೆಂದರು. ತಿದ್ದುಪಡಿಗಳೊಡನೆ ಮರವೇ ನಿಂತಿತು. ಕವಲಿಲ್ಲದ ಅಮೈಲೋಸನ್ನು ಕವಲುಳ್ಳ ಅಮೈಲೋಪೆಕ್ಟಿನಿನಿಂದ ಬೇರೆಮಾಡಿ ತೋರಿಸಿದವರೂ ಅವರೇ. ಸಾಧಾರಣ ಜೋಳದ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಕಾಲುಪಾಲು. ಆರಿದ ಗಂಜಿಯಲ್ಲಿ ಆ ನೇರ ಎಳೆಗಳು ಒತ್ತೊತ್ತಾಗಿ ಸೇರಿ ನೀರನ್ನು ಹೊರದೂಡುತ್ತವೆ. ಕವಲುಳ್ಳವು ಅಷ್ಟು ಬೇಗ ಹೊಂದಿಕೊಳ್ಳಲಾರವು.

ಇನ್ನು ಹುಣಸೆ ಬೀಜ. ಯುದ್ಧಕಾಲದಲ್ಲಿ, ೧೯೪೨ರ ಸುಮಾರಿಗೆ, ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯು ಅದರ ಹಿಟ್ಟನ್ನು ಗಿರಣಿಗಳ ಗಂಜಿಗಾಗಿ ಮುಂದಿಟ್ಟಿತು. ಇದನ್ನು ಹೊಸ ಶೋಧವೆನ್ನಲು ನನಗೆ ಮನಸ್ಸಿಲ್ಲ; ನಮ್ಮ ಕಂಬಳಿ ನೇಯುವ ಕುರುಬರು ಹುಣಸೆ ಬೀಜದ ಗಂಜಿಯನ್ನೇ ಬಳಸುತ್ತ ಬಂದವರು. ಪ್ರಯೋಗಶಾಲೆ ಕೊಟ್ಟದ್ದು ಕಾರಣವನ್ನು. ೧೯೫೩ರಲ್ಲಿ ವೈಟ್ ಮತ್ತು ಪಿ. ಎಸ್. ರಾವ್ ಅವರು ಇದೇ ಮೀಥೈಲಿನ ಉಪಾಯದಿಂದ ಅದರ ರಚನೆಯನ್ನು ಶೋಧಿಸಿದರು. ಈಗ ತಿಳಿದಿರುವಂತೆ, ಅದರ ಬೆನ್ನೆಲುಬು ಗ್ಲೂಕೋಸಿನದು. ನಾಲ್ಕು ಘಟಕಗಳಲ್ಲಿ ಸುಮಾರು ಮೂರಕ್ಕೆ ಕ್ಸೈಲೋಸ್ ಕವಲು, ಕೆಲವು ಕವಲುಗಳ ತುದಿಗೆ ಗ್ಯಾಲಕ್ಟೋಸ್. ಆ ಬೆನ್ನೆಲುಬಿನ ಹೆಣಿಗೆ ಹತ್ತಿಯ ನೂಲಿನದೇ ಆದುದರಿಂದ ಗಂಜಿ ನೂಲನ್ನು ಅಪ್ಪಿ ಹಿಡಿಯುತ್ತದೆ. ಕವಲುಗಳಿರುವುದರಿಂದ ಅದು ಹತ್ತಿಯಂತಲ್ಲದೆ ಬಿಸಿನೀರಿನಲ್ಲಿ ಕರಗುತ್ತದೆ.