ಒಂದೇ ಮನೆ, ಒಂದೇ ವೈರಸ್: ಅಜ್ಜಿ ಉಳಿದ್ರು, ಚಿಕ್ಕಪ್ಪ ಯಾಕೆ ಹೋದ್ರು?

ಭಾಗ 1/7
ಫೋಟೋದಲ್ಲಿರೋದು ನಮ್ಮನೆ ಜಗುಲಿ, ಅರಸೀಕೆರೆ ಹತ್ತಿರದ ಹಳ್ಳಿ. 2021ರ ಮೇ ತಿಂಗಳಲ್ಲಿ ಈ ಮನೇಲಿದ್ದ ಆರೂ ಜನಕ್ಕೆ ಒಂದೇ ವಾರದಲ್ಲಿ ಕೋವಿಡ್ ಬಂತು. ನಾನಾಗ ಎಸ್ಸೆಸ್ಸೆಲ್ಸಿ. ಅಜ್ಜಿಗೆ 74 ವರ್ಷ, ಜೊತೆಗೆ ಶುಗರ್. ಎಲ್ಲರಿಗೂ ಅಜ್ಜಿದೇ ಭಯ. ಆದ್ರೆ ಅಜ್ಜಿ ನಾಲ್ಕು ದಿನ ಗಂಜಿ ಕುಡಿದು ಎದ್ದು ಕೂತ್ರು. ಚಿಕ್ಕಪ್ಪನಿಗೆ 41. ಬಿಪಿ ಇಲ್ಲ, ಶುಗರ್ ಇಲ್ಲ, ದಿನಾ ತೋಟದಲ್ಲಿ ದುಡಿಯೋ ಆಳು. ಒಂಬತ್ತನೇ ದಿನ ಆಕ್ಸಿಜನ್ 82ಕ್ಕೆ ಇಳೀತು. ಹನ್ನೊಂದನೇ ದಿನ ಚಿಕ್ಕಪ್ಪ ಇರಲಿಲ್ಲ.

ಜ್ವರ ಮೊದಲು ಬಂದಿದ್ದು ಅಪ್ಪನಿಗೆ, ಕೊಬ್ಬರಿ ಮಾರಿ ಬಂದ ಮಾರನೇ ದಿನ. "ಇವನೇ ತಂದು ಹಚ್ಚಿದ" ಅಂತ ನೆಂಟರೇ ಅಂದ್ರು. ಅಪ್ಪ ಅದನ್ನ ನಂಬಿಬಿಟ್ರು. ನಾಲ್ಕು ವರ್ಷ ಆದ್ರೂ ಚಿಕ್ಕಪ್ಪನ ತಿಥಿ ದಿನ ಅಪ್ಪ ಊಟ ಮಾಡಲ್ಲ.

ನಾನು ಬಿಕಾಂ ಓದೋಳು. ನನ್ನ ಬಯಾಲಜಿ ಹತ್ತನೇ ಕ್ಲಾಸ್‌ಗೇ ಮುಗೀತು. ಆದ್ರೂ "ಅಜ್ಜಿ ಯಾಕೆ ಉಳಿದ್ರು, ಚಿಕ್ಕಪ್ಪ ಯಾಕೆ ಹೋದ್ರು" ಅನ್ನೋ ಪ್ರಶ್ನೆ ಬಿಡಲಿಲ್ಲ. ಹುಡುಕ್ತಾ ಹೋದೆ. ಈ ಪ್ರಶ್ನೆಗೇ ಒಂದು ದೊಡ್ಡ ಇತಿಹಾಸ ಇದೆ ಅಂತ ಆಮೇಲೆ ಗೊತ್ತಾಯ್ತು. ಬನ್ನಿ, ನೂರು ವರ್ಷ ಹಿಂದಿನಿಂದ ಶುರು ಮಾಡೋಣ.

ಭಾಗ 2/7
1918ರ ಜೂನ್, ಬಾಂಬೆ. ಬಂದರಿನಲ್ಲಿ ಕಾವಲಿದ್ದ ಪೊಲೀಸ್ ಸಿಪಾಯಿಗಳು ಜ್ವರ ಬಂದು ಮಲಗಿದ್ರು. ಅದು ಇನ್‌ಫ್ಲೂಯೆಂಜಾ. ಮೊದಲ ಮಹಾಯುದ್ಧದ ಸೈನಿಕರು ಓಡಾಡಿದ ಹಡಗು, ರೈಲುಗಳಲ್ಲೇ ಅದೂ ಓಡಾಡ್ತು. ಸೆಪ್ಟೆಂಬರ್‌ನಲ್ಲಿ ಎರಡನೇ ಅಲೆ ಬಂದಾಗ ದೇಶವೇ ಸ್ಮಶಾನ ಆಯ್ತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ವಿಚಿತ್ರ ಏನಂದ್ರೆ, 20ರಿಂದ 40 ವರ್ಷದ ಗಟ್ಟಿಮುಟ್ಟಾದವರೇ ಜಾಸ್ತಿ ಹೋದ್ರು. ನಮ್ಮ ಮನೆಯ ಪ್ರಶ್ನೆಯನ್ನೇ ಆಗ ಲಕ್ಷಾಂತರ ಮನೆಗಳು ಕೇಳಿಕೊಂಡಿರಬೇಕು.

ಬಾಂಬೆಯ ದಾಖಲೆಯಲ್ಲಿ ಇನ್ನೊಂದು ಲೆಕ್ಕ ಇದೆ. "ಕೆಳಜಾತಿ ಹಿಂದೂಗಳು" ಅಂತ ಬ್ರಿಟಿಷರು ಬರೆದಿಟ್ಟ ಜನರಲ್ಲಿ ಸಾವಿರಕ್ಕೆ 61ಕ್ಕೂ ಹೆಚ್ಚು ಸಾವು. ಯುರೋಪಿಯನ್ನರಲ್ಲಿ ಸಾವಿರಕ್ಕೆ 8ರ ಆಸುಪಾಸು. ಇದನ್ನ ನೋಡಿ "ರಕ್ತದಲ್ಲೇ ವ್ಯತ್ಯಾಸ ಇದೆ" ಅನ್ನೋದು ಸುಲಭ. ಆದ್ರೆ ಚಾಳ್‌ನ ಒಂದೇ ಕೋಣೇಲಿ ಹತ್ತು ಜನ ಮಲಗ್ತಿದ್ರೆ, ಆ ವರ್ಷ ಮಳೆ ಕೈಕೊಟ್ಟು ಕಾಳಿನ ಬೆಲೆ ಏರಿದ್ರೆ, ನೀರು ಕೊಡೋಕೂ ಎದ್ದು ನಿಲ್ಲೋರಿಲ್ಲದಿದ್ರೆ, ಅಲ್ಲಿ ಸಾವು ಹೆಚ್ಚಾಗೋಕೆ ಜೀನ್ ಬೇಕಾಗಿಲ್ಲ. ಈ ಮಾತು ನೆನಪಿಟ್ಕೊಳ್ಳಿ. ಕೊನೇಲಿ ಮತ್ತೆ ಬೇಕಾಗುತ್ತೆ.

ಆದ್ರೆ ಒಂದೇ ಮನೆ, ಒಂದೇ ಊಟ, ಒಂದೇ ಗಾಳಿ ಇದ್ದೂ ಒಬ್ಬರು ಉಳಿದು ಒಬ್ಬರು ಹೋದ್ರೆ? ಅದಕ್ಕೆ ಆಗ ಯಾರ ಹತ್ರಾನೂ ಉತ್ತರ ಇರಲಿಲ್ಲ.

ಭಾಗ 3/7
1957, ಲಂಡನ್. ಅಲಿಕ್ ಐಸಾಕ್ಸ್, ಜಾನ್ ಲಿಂಡೆನ್‌ಮನ್ ಅನ್ನೋ ಇಬ್ಬರು ವಿಜ್ಞಾನಿಗಳು ಕೋಳಿಮೊಟ್ಟೆಯ ಪೊರೆ ಮೇಲೆ ಸತ್ತ ಫ್ಲೂ ವೈರಸ್ ಹಾಕಿದ್ರು. ಆಮೇಲೆ ಜೀವಂತ ವೈರಸ್ ಬಿಟ್ರೆ ಅದು ಬೆಳೀಲೇ ಇಲ್ಲ. ಆ ಪೊರೆಯ ಜೀವಕೋಶಗಳು ಏನೋ ಒಂದು ವಸ್ತುವನ್ನ ಹೊರಗೆ ಬಿಡ್ತಿದ್ವು. ಅದಕ್ಕೆ ಇಂಟರ್‌ಫೆರಾನ್ ಅಂತ ಹೆಸರಿಟ್ರು. ಊರಿಗೆ ಕಳ್ಳ ನುಗ್ಗಿದಾಗ ಮೊದಲ ಮನೆಯವರು ಕೂಗಿ ಪಕ್ಕದವರನ್ನ ಎಬ್ಬಿಸ್ತಾರಲ್ಲ, ಹಾಗೆ ಇದು. ಆ ಕೂಗು ಕೇಳಿದ ಉಳಿದ ಕೋಶಗಳು ಬಾಗಿಲು ಹಾಕ್ಕೊಳ್ತವೆ.

ಐದು ವರ್ಷ ಆದ್ಮೇಲೆ, 1962ರಲ್ಲಿ, ಅದೇ ಲಿಂಡೆನ್‌ಮನ್ ಇನ್ನೊಂದು ವಿಷಯ ಗಮನಿಸಿದ್ರು. ಬೇರೆ ಇಲಿಗಳನ್ನ ಕೊಲ್ಲೋ ಫ್ಲೂ ವೈರಸ್ ಎ2ಜಿ ಅನ್ನೋ ತಳಿಯ ಇಲಿಗಳನ್ನ ಕೊಲ್ತಿರಲಿಲ್ಲ. ಈ ಶಕ್ತಿ ಅಪ್ಪ ಅಮ್ಮನಿಂದ ಮರಿಗೆ ಬರ್ತಿತ್ತು. ಕಾರಣ ಒಂದೇ ಒಂದು ಜೀನ್, ಆಮೇಲೆ ಅದಕ್ಕೆ ಎಂಎಕ್ಸ್ ಅಂತ ಹೆಸರಾಯ್ತು. ಇಂಟರ್‌ಫೆರಾನ್ ಕೂಗು ಹಾಕಿದಾಗ ಎದ್ದು ಕೆಲಸ ಮಾಡೋ ಜೀನ್ ಅದು. ಅಂದ್ರೆ ಒಂದೇ ವೈರಸ್, ಬೇರೆ ಬೇರೆ ಮೈ, ಬೇರೆ ಬೇರೆ ಫಲಿತಾಂಶ. ಇಲಿಯಲ್ಲಿ ಸರಿ, ಮನುಷ್ಯರಲ್ಲಿ?

ಭಾಗ 4/7
ಫ್ರಾನ್ಸ್‌ನಲ್ಲಿ ಎರಡೂವರೆ ವರ್ಷದ ಒಂದು ಹೆಣ್ಣುಮಗು. ಯಾವ ಕಾಯಿಲೆಯೂ ಇಲ್ಲದೆ ಆಡಿಕೊಂಡಿದ್ದ ಮಗು ಸಾಮಾನ್ಯ ಫ್ಲೂಗೆ ಉಸಿರಾಡೋಕಾಗದೆ ಐಸಿಯು ಸೇರ್ತು. ಜಾನ್ ಲಾರೆಂಟ್ ಕ್ಯಾಸನೋವಾ ಅನ್ನೋ ವೈದ್ಯ ವಿಜ್ಞಾನಿಯ ತಂಡ ಆ ಮಗುವಿನ ಜೀನ್‌ಗಳನ್ನ ಓದಿ 2015ರಲ್ಲಿ ಉತ್ತರ ಹೇಳ್ತು. ಐಆರ್‌ಎಫ್7 ಅನ್ನೋ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ವು. ಒಂದು ಅಪ್ಪನಿಂದ, ಒಂದು ಅಮ್ಮನಿಂದ ಬಂದಿದ್ದು. ಆ ಜೀನ್ ಇಲ್ಲದೆ ಇಂಟರ್‌ಫೆರಾನ್ ಕೂಗು ಜೋರಾಗಲ್ಲ. ಕಳ್ಳ ಬಂದ, ಮನೆಯವರು ಬಾಯಿ ತೆರೆದ್ರು, ಧ್ವನಿಯೇ ಬರಲಿಲ್ಲ.

ಅಪ್ಪ ಅಮ್ಮ ಇಬ್ಬರೂ ಆರೋಗ್ಯವಾಗೇ ಇದ್ರು. ಅವರಲ್ಲಿ ಒಂದೊಂದು ಪ್ರತಿ ಮಾತ್ರ ಕೆಟ್ಟಿತ್ತು. ಅವರಿಗದು ಗೊತ್ತೂ ಇರಲಿಲ್ಲ. ಇಲ್ಲಿ ಯಾರನ್ನ ಬೈತೀರಾ ಹೇಳಿ?

ಭಾಗ 5/7
ಈಗ 2020. ಕೋವಿಡ್ ಬಂದ ಮೊದಲ ವರ್ಷವೇ ಕ್ಯಾಸನೋವಾ ತಂಡ ಜೀವ ಹೋಗೋ ಹಂತಕ್ಕೆ ಹೋಗಿದ್ದ ರೋಗಿಗಳನ್ನ ಪರೀಕ್ಷೆ ಮಾಡ್ತು. ಸುಮಾರು ಶೇ. 3.5 ಜನರಲ್ಲಿ ಇದೇ ಇಂಟರ್‌ಫೆರಾನ್ ದಾರಿಯ ಜೀನ್‌ಗಳು ಕೆಟ್ಟಿದ್ವು. ಇನ್ನು ಶೇ. 10ರಷ್ಟು ಜನರಲ್ಲಿ ಅವರ ದೇಹವೇ ಇಂಟರ್‌ಫೆರಾನ್ ಅನ್ನು ಶತ್ರು ಅಂದ್ಕೊಂಡು ಕಟ್ಟಿಹಾಕ್ತಿತ್ತು. ಈ ಎರಡನೇ ಗುಂಪಿನಲ್ಲಿ ಗಂಡಸರೇ ಶೇ. 90ಕ್ಕಿಂತ ಹೆಚ್ಚು.

ಅದೇ ವರ್ಷ ಇಟಲಿ, ಸ್ಪೇನ್ ರೋಗಿಗಳ ಅಧ್ಯಯನದಲ್ಲಿ 3ನೇ ಕ್ರೋಮೋಸೋಮ್‌ನ ಒಂದು ತುಂಡು ಎದ್ದು ಕಾಣ್ತು. ಅದು ಇರೋರಿಗೆ ಕಾಯಿಲೆ ಜೋರಾಗೋ ಅಪಾಯ ಹೆಚ್ಚು. ಹ್ಯೂಗೋ ಝೆಬರ್ಗ್, ಸ್ವಾಂಟೆ ಪಾಬೊ ಆ ತುಂಡಿನ ಮೂಲ ಹುಡುಕಿದ್ರು. ಕ್ರೊಯೇಷಿಯಾದ ವಿಂಡಿಯಾ ಗುಹೆಯಲ್ಲಿ ಸಿಕ್ಕ ಸುಮಾರು 50,000 ವರ್ಷ ಹಳೆಯ ನಿಯಾಂಡರ್ತಲ್ ಮೂಳೆಯ ಡಿಎನ್ಎಯಲ್ಲಿ ಅದೇ ತುಂಡು ಇತ್ತು! ನಮ್ಮ ಪೂರ್ವಜರು ಆಫ್ರಿಕಾ ಬಿಟ್ಟು ಬಂದ ಮೇಲೆ ನಿಯಾಂಡರ್ತಲರ ಜೊತೆ ಸಂಸಾರ ಮಾಡಿದ್ದರ ಗುರುತು ಅದು. ಯುರೋಪಿನಲ್ಲಿ ಸುಮಾರು ಶೇ. 16 ಜನರಲ್ಲಿ ಇದೆ. ನಮ್ಮ ದಕ್ಷಿಣ ಏಷ್ಯಾದಲ್ಲಿ? ಹೆಚ್ಚುಕಡಿಮೆ ಅರ್ಧ ಜನರಲ್ಲಿ. ಹೌದು, ಇದನ್ನ ಓದ್ತಿರೋ ನಿಮ್ಮಲ್ಲೂ ಅರ್ಧ ಜನಕ್ಕೆ ಇರಬಹುದು. ಗಾಬರಿ ಆಗ್ಬೇಡಿ, ಮುಂದೆ ಓದಿ. (ಪಾಬೊಗೆ 2022ರಲ್ಲಿ ನೊಬೆಲ್ ಬಂತು.)

ಭಾಗ 6/7
ಬಿಕಾಂನವರಿಗೆ ಇದು ಬೇಗ ಅರ್ಥ ಆಗುತ್ತೆ. ಕಂಟಿಂಜೆಂಟ್ ಲಯಬಿಲಿಟಿ ನೆನಪಿದೆಯಾ? ಕೋರ್ಟಿನಲ್ಲಿ ಒಂದು ಕೇಸ್ ಇದೆ, ತೀರ್ಪು ನಮ್ಮ ವಿರುದ್ಧ ಬಂದ್ರೆ ಮಾತ್ರ ದುಡ್ಡು ಕಟ್ಟಬೇಕು. ಅಲ್ಲೀವರೆಗೆ ಅದು ಬ್ಯಾಲೆನ್ಸ್ ಶೀಟ್ ಕೆಳಗೆ ಒಂದು ನೋಟ್ ಅಷ್ಟೇ. ಆ ನಿಯಾಂಡರ್ತಲ್ ತುಂಡು ಹಾಗೇ ಸಾವಿರಾರು ವರ್ಷ ಸುಮ್ಮನೆ ನೋಟ್‌ನಲ್ಲಿ ಕೂತಿತ್ತು. 2020ರಲ್ಲಿ ಕೇಸ್ ಬಂತು.

ಲೆಕ್ಕದಲ್ಲಿ ಇನ್ನೊಂದು ಪಕ್ಕಾನೂ ಇದೆ. 12ನೇ ಕ್ರೋಮೋಸೋಮ್‌ನಲ್ಲಿ ನಿಯಾಂಡರ್ತಲರೇ ಕೊಟ್ಟ ಇನ್ನೊಂದು ತುಂಡು ಐಸಿಯು ಸೇರೋ ಅಪಾಯವನ್ನ ಸುಮಾರು ಶೇ. 22 ಕಡಿಮೆ ಮಾಡುತ್ತೆ. 3ನೇ ಕ್ರೋಮೋಸೋಮ್‌ನ ಆ "ಕೆಟ್ಟ" ತುಂಡು ಇರೋರಿಗೆ ಎಚ್‌ಐವಿ ತಗಲೋ ಅಪಾಯ ಸುಮಾರು ಶೇ. 27 ಕಡಿಮೆ ಅಂತ 2022ರಲ್ಲಿ ಝೆಬರ್ಗ್ ತೋರಿಸಿದ್ರು. ಒಂದು ಕಡೆ ಸಾಲ, ಇನ್ನೊಂದು ಕಡೆ ಆಸ್ತಿ. ಒಳ್ಳೇ ಜೀನ್, ಕೆಟ್ಟ ಜೀನ್ ಅಂತ ಬೋರ್ಡ್ ಹಾಕೋಕಾಗಲ್ಲ.

ಈಗ ಬಾಂಬೆ ನೆನಪಿಸ್ಕೊಳ್ಳಿ. "ಭಾರತೀಯರ ಜೀನೇ ಸರಿ ಇಲ್ಲ, ಅದಕ್ಕೇ ಸತ್ರು" ಅಂತ ಹೇಳಬಹುದಾ? ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಜ್ಞಾನೇಶ್ವರ ಚೌಬೆ ಮತ್ತು ಜೊತೆಗಾರರು 2021ರಲ್ಲಿ ಇದನ್ನೇ ನೋಡಿದ್ರು. ದಕ್ಷಿಣ ಏಷ್ಯಾದ ಜನರಲ್ಲಿ ಆ ತುಂಡು ಎಷ್ಟಿದೆ ಅನ್ನೋದಕ್ಕೂ ಕೋವಿಡ್ ಎಷ್ಟು ಕಾಡಿತು ಅನ್ನೋದಕ್ಕೂ ಅವರಿಗೆ ಸಂಬಂಧ ಸಿಗಲಿಲ್ಲ. ವಯಸ್ಸು ಯಾವ ಜೀನ್‌ಗಿಂತಲೂ ದೊಡ್ಡ ಅಪಾಯ. ಬೆಡ್ ಸಿಗೋದು, ಆಕ್ಸಿಜನ್ ಸಿಗೋದು, ಲಸಿಕೆ ಸಿಗೋದು ಕ್ರೋಮೋಸೋಮ್‌ನಲ್ಲಿ ಬರೆದಿರಲ್ಲ.

ಹಾಗಾದ್ರೆ ಜೀನ್ ಓದಿ ಏನು ಲಾಭ? ಔಷಧಿ. ಎಡಿನ್‌ಬರೋದ ಕೆನೆತ್ ಬೇಲಿ ತಂಡ ಬ್ರಿಟನ್ನಿನ ಎರಡು ಸಾವಿರಕ್ಕೂ ಹೆಚ್ಚು ಐಸಿಯು ರೋಗಿಗಳ ಡಿಎನ್ಎ ಓದಿ, ಟಿವೈಕೆ2 ಅನ್ನೋ ಜೀನ್ ಉರಿಯೂತವನ್ನ ಅತಿ ಮಾಡ್ತಿದೆ ಅಂತ ಕಂಡ್ರು. ಅದೇ ದಾರಿಯನ್ನ ತಡೆಯೋ ಬ್ಯಾರಿಸಿಟಿನಿಬ್ ಅನ್ನೋ ಸಂಧಿವಾತದ ಮಾತ್ರೆ ಮೊದಲೇ ಇತ್ತು. 2022ರ ದೊಡ್ಡ ಪ್ರಯೋಗದಲ್ಲಿ ಅದು ಆಸ್ಪತ್ರೆ ಸೇರಿದವರ ಸಾವನ್ನ ಸುಮಾರು ಶೇ. 13 ಕಡಿಮೆ ಮಾಡ್ತು.

ಭಾಗ 7/7
ಚಿಕ್ಕಪ್ಪನ ಡಿಎನ್ಎ ಯಾರೂ ಓದಿಲ್ಲ. ಹಾಗಾಗಿ "ಜೀನ್‌ನಿಂದಲೇ ಹೋದ್ರು" ಅಂತ ನಾನು ಹೇಳಲ್ಲ. ಬೆಡ್‌ಗಾಗಿ ಎರಡು ದಿನ ಅಲೆದಿದ್ದನ್ನೂ ಮರೆಯಲ್ಲ. ನಾನು ಹೇಳೋದು ಇಷ್ಟೇ. ವೈರಸ್ ಯಾರ ಮೂಲಕ ಮನೆಗೆ ಬಂತು ಅನ್ನೋದು ಒಂದು ಪ್ರಶ್ನೆ, ಅದು ಒಳಗೆ ಹೋಗಿ ಯಾರನ್ನ ಏನು ಮಾಡ್ತು ಅನ್ನೋದು ಬೇರೇನೇ ಪ್ರಶ್ನೆ. ಅಪ್ಪ ತಂದ ಅದೇ ವೈರಸ್ಸು ಅಜ್ಜಿಯ ಒಳಗೂ ಹೋಗಿತ್ತು.

ಈ ಸಲ ತಿಥಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಗುಹೆ, ಮೂಳೆ, ಇಲಿ, ಎಲ್ಲ. ಅಪ್ಪ ತುಂಬ ಹೊತ್ತು ಸುಮ್ಮನಿದ್ದು, "ಹಂಗಾರೆ ನಿಂಗೂ ಅದು ಇರಬೋದಾ ಮಗಾ?" ಅಂದ್ರು. "ಇರಬೋದಪ್ಪ. ನಿಂಗೂ ಇರಬೋದು. ಊರಲ್ಲಿ ಅರ್ಧ ಜನಕ್ಕೆ ಇರಬೋದು" ಅಂದೆ. "ಹಂಗಾರೆ ಯಾರ್ ತಪ್ಪು?" ಅಂದ್ರು. ನಾನು ಉತ್ತರ ಕೊಡಲಿಲ್ಲ. ಅಜ್ಜಿ ಒಳಗಿನಿಂದ "ಎಲೆ ಹಾಕಿದೀನಿ ಬಾರೋ" ಅಂತ ಕರೆದ್ರು. ಅಪ್ಪ ಎದ್ದು ಹೋಗಿ ಕೂತ್ರು.

ನಿಮ್ಮ ಮನೇಲೂ "ನಾನೇ ತಂದೆ" ಅಂತ ಒಳಗೇ ಕೊರಗ್ತಿರೋರು ಯಾರಾದ್ರೂ ಇದ್ರೆ, ಈ ಏಳೂ ಭಾಗ ಅವರಿಗೆ ಓದಿ ಹೇಳಿ. ಡೌಟ್ ಇದ್ರೆ ಕಾಮೆಂಟ್ ಹಾಕಿ, ಗೊತ್ತಿದ್ದಷ್ಟು ಹೇಳ್ತೀನಿ.

#ಕನ್ನಡದಲ್ಲಿಇತಿಹಾಸ #ಒಂದೇಮನೆಒಂದೇವೈರಸ್