ಟರ್ಮಿನಲ್ಲಿಗೆ ಒಳದಾರಿ

ಉಬುಂಟು ಬಳಸುವ ಬ್ಲಾಗಿಗ ಮಿತ್ರರಿಗೆ ಕಂಟ್ರೋಲ್-ಆಲ್ಟ್-ಟಿ ಗೊತ್ತೇ ಇರುತ್ತೆ. ಮೂರು ಕೀಲಿ ಒಟ್ಟಿಗೆ ಒತ್ತಿದರೆ ಟರ್ಮಿನಲ್ ಹಾಜರು! ಈ ಒಳದಾರಿಗಳ ಹಿಂದಿನ ಕತೆ ಬರೆಯೋಣ ಅನ್ನಿಸಿತು.

ಮೊದಲು ಟರ್ಮಿನಲ್ ಅಂದರೆ ಒಂದು ಯಂತ್ರ. ಟೆಲಿಟೈಪಿನಲ್ಲಿ ನಾವು ಟೈಪಿಸಿದ್ದೂ ಗಣಕದ ಉತ್ತರವೂ ಕಾಗದದ ಮೇಲೆ ಬೀಳುತ್ತಿದ್ದವು. 1978ರಲ್ಲಿ ಡೆಕ್ ಕಂಪನಿಯ ವಿಟಿ100 ಬಂತು. 24 ಸಾಲು, ಸಾಲಿಗೆ 80 ಮನೆ, ಮನೆಗೊಂದು ಅಕ್ಷರ. 1984ರಲ್ಲಿ ಹುಟ್ಟಿದ ಎಕ್ಸ್‌ಟರ್ಮ್ ಅಂಥ ಯಂತ್ರವನ್ನೇ ಕಿಟಕಿಯೊಳಗೆ ಅನುಕರಿಸಿತು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಯೋಜನೆ ಶುರುವಾದವು. ಮೆನು, ಐಕಾನ್ ಬಂದ ಮೇಲೆ ಟರ್ಮಿನಲ್ ಮೆನುವಿನ ಮೂಲೆ ಸೇರಿತು. ಗ್ನೋಮ್ 2ರ ಕಾಲದಲ್ಲಿ ಬಲಕ್ಲಿಕ್ಕಿಸಿ ಟರ್ಮಿನಲ್ ತೆರೆಯೋಕೂ ಪ್ರತ್ಯೇಕ ಪ್ಯಾಕೇಜ್ ಹಾಕಿಕೊಳ್ಳಬೇಕಿತ್ತು.

ಹೊಸ ಉಪಾಯ ಬಂದದ್ದು ಒಂದು ಆಟದಿಂದ. 1996ರ ಕ್ವೇಕ್ ಆಟದಲ್ಲಿ ಒಂದು ಕೀಲಿ ಒತ್ತಿದರೆ ಆಜ್ಞೆ ಕೊಡುವ ಪರದೆ ಮೇಲಿಂದ ಜಾರಿ ಬರುತ್ತಿತ್ತು. ಅದನ್ನು ನೋಡಿಯೇ ಕೆಡಿಇಗೆ ಯಾಕುಯೇಕ್, ಗ್ನೋಮ್‌ಗೆ ಗ್ವೇಕ್ ಬಂದವು. ಎರಡಕ್ಕೂ ಎಫ್12 ಸಾಕು. 2021ರಲ್ಲಿ ಮೈಕ್ರೋಸಾಫ್ಟ್ ಕೂಡ ವಿಂಡೋಸ್ ಟರ್ಮಿನಲ್ಲಿಗೆ 'ಕ್ವೇಕ್ ಮೋಡ್' ಸೇರಿಸಿತು!

ನಮ್ಮ ಬೀದರಿನ ನೌಬಾದಿನ ಸುರಂಗ ಬಾವಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಬಹಮನಿ ಕಾಲದ್ದು. ನೀರು ನೆಲದೊಳಗೆ ಹರಿಯುತ್ತೆ, ಇಳಿಯೋಕೆ ಅಲ್ಲಲ್ಲಿ ಬಾವಿಯಂಥ ಕಿಂಡಿ. ಎಫ್12 ಅಂಥದೇ ಒಂದು ಕಿಂಡಿ. ಡೆಸ್ಕ್‌ಟಾಪ್ ಪೂರ್ತಿ ನಿಂತುಹೋದರೆ ಕಂಟ್ರೋಲ್-ಆಲ್ಟ್-ಎಫ್3 ಇನ್ನೂ ಆಳದ ಕಿಂಡಿ. ಎಷ್ಟೋ ಸಲ ಅಲ್ಲಿಂದಲೇ ತಂಟೆಕೋರ ತಂತ್ರಾಂಶವನ್ನು ಕೊಂದು ನನ್ನ ಕೆಲಸ ಉಳಿಸಿಕೊಂಡಿದ್ದೇನೆ.

ಆದರೆ ಕೆಳಗಿಳಿದಷ್ಟೂ ಕನ್ನಡ ಕಾಣೆಯಾಗುತ್ತೆ. ಊರ ಫೋಟೋಗಳಿಗೆ ನಾನು ಬೀದರ, ಔರಾದ, ಭಾಲ್ಕಿ ಅಂತ ಮೂರು ಫೋಲ್ಡರ್ ಇಟ್ಟಿದ್ದೇನೆ. ಗ್ನೋಮ್ ಟರ್ಮಿನಲ್ಲಿನಲ್ಲಿ ಒತ್ತಕ್ಷರ ಇಲ್ಲದ ಬೀದರ, ಔರಾದ ಹೇಗೋ ಓದಿಸಿಕೊಳ್ಳುತ್ತವೆ. ಭಾಲ್ಕಿಯ ಕ-ಒತ್ತು ಮಾತ್ರ ಲಕಾರದ ಕೆಳಗೆ ಕೂರದೆ ಪಕ್ಕಕ್ಕೆ ಬೀಳುತ್ತೆ. ಮನೆಗೊಂದು ಅಕ್ಷರ ಅನ್ನುವ ಆ ಹಳೇ ಲೆಕ್ಕ ಇನ್ನೂ ನಡೆದಿದೆಯಲ್ಲ! ಎಫ್3ರ ಕನ್ಸೋಲಿನಲ್ಲಂತೂ ಫಾಂಟಿಗೆ 512 ಆಕಾರಗಳ ಮಿತಿ, ಒತ್ತು ಜೋಡಿಸುವ ಏರ್ಪಾಡೇ ಇಲ್ಲ. ಅಲ್ಲಿ ಮೂರೂ ಊರು ಬರೀ ಚೌಕಗಳು.

ಔರಾದಿನ ಶಾಲೆಯ ಹುಡುಗಿಯೊಬ್ಬಳು ಮೊದಲ ಸಲ ಟರ್ಮಿನಲ್ ತೆರೆದು ತನ್ನ ಹೆಸರು ಬರೆದರೆ ಚೌಕ ಕಾಣಬೇಕಾ? 'ಫೋಲ್ಡರಿಗೆ ಇಂಗ್ಲಿಷ್ ಹೆಸರಿಡು' ಅನ್ನೋದು ಸುಲಭ. ನಾವೆಲ್ಲ ಮಾಡಿದ್ದೂ ಅದನ್ನೇ, ಹಾಗಾಗಿ ದೂರು ಕೊಟ್ಟವರು ಕಡಿಮೆ. ಮುಕ್ತ ತಂತ್ರಾಂಶದಲ್ಲಿ ದೂರಿಗೆ ಬೆಲೆ ಇದೆ.

ಇವತ್ತೇ ಎಫ್12 ಒತ್ತಿ ನಿಮ್ಮೂರಿನ ಹೆಸರು ಕನ್ನಡದಲ್ಲಿ ಬರೆದು ನೋಡಿ. ಒತ್ತು ಒಡೆದರೆ ಚಿತ್ರ ಸಮೇತ ಬಗ್ ವರದಿ ಹಾಕಿ. ಯಾವ ಟರ್ಮಿನಲ್ಲಿನಲ್ಲಿ ಸರಿಯಾಗಿ ಬಂತು ಅಂತ ನನಗೂ ತಿಳಿಸಿ.